ಹಲ್ಲಿನ ಕ್ಯಾಪು: ಬಂಗಾರವೋ, ಪಿಂಗಾಣಿಯೋ, ಜಿರ್ಕೋನಿಯವೋ?

ಹೋದ ವರ್ಷ ದೀಪಾವಳಿ ಸೂಟಿಯಲ್ಲಿ ಒಂದು ದಿನ ಮನೆಮಂದಿಯೆಲ್ಲ ಸಂಜೆಯ ಊಟಕ್ಕೆ ಕುಳಿತಿದ್ದೆವು. ಏಳು ವರ್ಷದ ಮೊಮ್ಮಗ ಕನ್ನಡಿ ಹಿಡಿದು ತನ್ನ ಬಾಯಿ ನೋಡಿಕೊಳ್ಳುತ್ತಿದ್ದವನು ಥಟ್ಟನೆ ಕೇಳಿದ: “ಅಜ್ಜಾ, ನಿನ್ನ ಕ್ಯಾಪ್ ಬೆಳ್ಳಗೈತಿ, ಅಜ್ಜೀದೂ ಬೆಳ್ಳಗೈತಿ. ನನಗಷ್ಟ ಯಾಕ ಸ್ಟೀಲಿಂದ ಹಾಕಿಸೀರಿ? ನಮ್ಮದು ಭಾಂಡಿ ಅಂಗಡಿ ಅಂತನಾ?”

ಎಲ್ಲರೂ ನಕ್ಕೆವು. ಆದರೆ ಹುಡುಗನ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಆಮೇಲೆ ಎಣಿಸಿ ನೋಡಿದರೆ ನಮ್ಮ ಒಂದೇ ಮನೆತನದಲ್ಲಿ ನಾಲ್ಕು ತರಹದ ಕ್ಯಾಪುಗಳಾಗಿವೆ. ನಮ್ಮ ತೀರ್ಥರೂಪರಿಗೆ ಬಂಗಾರದ್ದು, ನನಗೆ ಲೋಹದ ಮೇಲೆ ಪಿಂಗಾಣಿಯದು, ನಮ್ಮ ಮನೆಯವರಿಗೆ ಜಿರ್ಕೋನಿಯದ್ದು, ಮೊಮ್ಮಗನಿಗೆ ಸ್ಟೀಲಿನದು. ಪ್ರತಿಯೊಂದರ ಹಿಂದೆಯೂ ಒಂದೊಂದು ಕಥೆಯಿದೆ. ಒಂದರ ಹಿಂದೆ ನನ್ನ ತಪ್ಪೂ ಇದೆ.

ನಾನು ಮ್ಯಾಟ್ರಿಕ್ ಮುಗಿಸಿ ಸೊಲ್ಲಾಪುರದ ನಮ್ಮ ಭಾಂಡಿ ಅಂಗಡಿಯ ಗಲ್ಲಾದ ಮೇಲೆ ಕುಳಿತವನು. ಹಲ್ಲಿನ ಶಾಸ್ತ್ರ ಓದಿದವನಲ್ಲ. ಆದರೆ ತಾಮ್ರ, ಹಿತ್ತಾಳೆ, ಸ್ಟೀಲು, ಪಿಂಗಾಣಿ ಇವುಗಳ ಗುಣಾವಗುಣ ಕೈಗೆ ಗೊತ್ತಿದೆ. ಅಂಗಡಿಯಲ್ಲಿ ಕಲಿತ ಮಾತು ಒಂದೇ: ಸರಕಿನಲ್ಲಿ ಒಳ್ಳೆಯದು ಕೆಟ್ಟದ್ದು ಎಂಬುದಕ್ಕಿಂತ ಯಾವ ಕೆಲಸಕ್ಕೆ ಯಾವುದು ಎಂಬುದೇ ದೊಡ್ಡದು. ಹಾಲು ಕಾಯಿಸುವ ಪಾತ್ರೆ ಬೇರೆ, ಉಪ್ಪಿನಕಾಯಿ ಹಾಕುವ ಭರಣಿ ಬೇರೆ. ಹಲ್ಲಿನ ಕ್ಯಾಪಿನ ವಿಷಯದಲ್ಲಿಯೂ ಇದೇ ಮಾತು ನಿಜವೆಂದು ತಿಳಿಯಲು ನನಗೆ ಇಪ್ಪತ್ತು ವರ್ಷ ಹಿಡಿಯಿತು. ವಾಚಕ ಬಂಧುಗಳಿಗೆ ಅಷ್ಟು ಕಾಲ ಹಿಡಿಯಬಾರದೆಂದು ಈ ನಾಲ್ಕು ಮಾತು.

ಮುಚ್ಚಳವಿಲ್ಲದ ಎಂಟು ತಿಂಗಳು

2018ರ ಮೇ ತಿಂಗಳಲ್ಲಿ ನಮ್ಮ ಮನೆಯವರ ಕೆಳಗಿನ ಬಲದವಡೆ ಹಲ್ಲಿಗೆ ರೂಟ್ ಕೆನಾಲ್ ಮಾಡಿಸಿದೆವು. ನೋವು ನಿಂತಿತು. “ಕಾಕಾ, ಕೆಲಸ ಇನ್ನೂ ಅರ್ಧ ಆಗೇದ. ಕೆಲವೇ ವಾರದಾಗ ಕ್ಯಾಪ್ ಹಾಕಿಸಬೇಕು” ಎಂದು ಡಾಕ್ಟರ್ ಹುಡುಗಿ ಸ್ಪಷ್ಟವಾಗಿ ಹೇಳಿದ್ದಳು. ಲಗ್ನದ ಸೀಜನ್, ಅಂಗಡಿಯಲ್ಲಿ ಉಸಿರಾಡಲು ಬಿಡುವಿಲ್ಲ. ನೋವೇ ಇಲ್ಲದ ಹಲ್ಲಿಗೆ ಮತ್ತೆ ದುಡ್ಡು ಯಾಕೆ ಎಂಬ ಲೆಕ್ಕವೂ ನನ್ನ ತಲೆಯಲ್ಲಿತ್ತು. ದೀಪಾವಳಿ ಆಗಲಿ ಎಂದೆ. ದೀಪಾವಳಿಯೂ ಆಯಿತು. 2019ರ ಸಂಕ್ರಮಣದ ದಿನ ಸಜ್ಜೆಯ ಕಡಕ ರೊಟ್ಟಿ ಕಡಿಯುವಾಗ ಹಲ್ಲು ಬೇರಿನವರೆಗೆ ಎರಡು ಹೋಳಾಯಿತು. ಕೀಳದೆ ಗತಿಯಿರಲಿಲ್ಲ.

ಆ ರಾತ್ರಿ ಅವರು ಸಿಟ್ಟು ಮಾಡಲಿಲ್ಲ. ಒಂದೇ ಮಾತು ಹೇಳಿದರು: “ಗಿರಾಕಿಗೆ ಮುಚ್ಚಳ ಇಲ್ಲದ ಡಬ್ಬಿ ಕೊಡಾವರಲ್ರಿ ನೀವು. ನನ್ನ ಹಲ್ಲಿಗಷ್ಟ ಎಂಟು ತಿಂಗಳು ಮುಚ್ಚಳ ಇರಲಿಲ್ಲ.” ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಕಿತ್ತ ಜಾಗ ತುಂಬಲು ಹಿಂದಿನ ಮತ್ತು ಮುಂದಿನ ಎರಡು ಗಟ್ಟಿ ಹಲ್ಲುಗಳನ್ನು ಸವೆಸಿ ಮೂರು ಹಲ್ಲಿನ ಸೇತುವೆ ಕೂಡಿಸಬೇಕಾಯಿತು. ಒಂದು ಕ್ಯಾಪಿನ ದುಡ್ಡು ಉಳಿಸಲು ಹೋಗಿ ಮೂರರ ಖರ್ಚು. ಸವೆಸಿದ ಆ ಎರಡು ನಿರಪರಾಧಿ ಹಲ್ಲುಗಳ ಲೆಕ್ಕವಂತೂ ಯಾವ ಖಾತೆಯಲ್ಲಿಯೂ ಸೇರುವುದಿಲ್ಲ.

ಕಾರಣ ಸರಳ. ರೂಟ್ ಕೆನಾಲ್ ಮಾಡುವಾಗ ಹಲ್ಲಿನ ಮೇಲ್ಛಾವಣಿ ತೆಗೆದು ಒಳಗಿನ ನರ ಸ್ವಚ್ಛ ಮಾಡುತ್ತಾರೆ. ಹುಳುಕು ಮೊದಲೇ ಒಂದಷ್ಟು ತಿಂದಿರುತ್ತದೆ. ಉಳಿಯುವುದು ಸುತ್ತಲಿನ ತೆಳ್ಳಗಿನ ಗೋಡೆ. ದವಡೆ ಹಲ್ಲಿನ ಮೇಲೆ ಬೀಳುವ ಒತ್ತಡ ಆ ಗೋಡೆಗಳನ್ನು ಹೊರಕ್ಕೆ ಸೀಳುತ್ತದೆ. ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಬಿಗಿಯುವಂತೆ ಕ್ಯಾಪು ಅವನ್ನು ಸುತ್ತ ಹಿಡಿದು ನಿಲ್ಲಿಸುತ್ತದೆ. ಕ್ಯಾಪು ಅಂದಕ್ಕಲ್ಲ, ಮೊದಲು ಬಿಗಿಗೆ.

ಬಂಗಾರ

ನಮ್ಮ ತೀರ್ಥರೂಪರು ನಕ್ಕಾಗ ಎಡದವಡೆಯಲ್ಲಿ ಬಂಗಾರ ಮಿನುಗುತ್ತಿತ್ತು. ಅದು ಶ್ರೀಮಂತಿಕೆಯ ಗುರುತೆಂದು ಚಿಕ್ಕಂದಿನಲ್ಲಿ ತಿಳಿದಿದ್ದೆ. ಮೂವತ್ತು ವರ್ಷಕ್ಕೂ ಮಿಕ್ಕಿ ಆ ಕ್ಯಾಪು ಅವರ ಕೊನೆಯವರೆಗೆ ಕದಲಲಿಲ್ಲ.

ಅಮೆರಿಕದ ವಿಲಿಯಂ ಟ್ಯಾಗರ್ಟ್ ಎಂಬ ದಂತವೈದ್ಯರು 1907ರಲ್ಲಿ ಹಲ್ಲಿನ ಅಳತೆಗೆ ಮೇಣದ ಅಚ್ಚು ಮಾಡಿ ಬಂಗಾರ ಎರಕ ಹೊಯ್ಯುವ ಪದ್ಧತಿಯನ್ನು ಪ್ರಚಾರಕ್ಕೆ ತಂದರು. ನಮ್ಮ ಬಸದಿಗಳ ಲೋಹದ ಮೂರ್ತಿಗಳನ್ನು ಎರಕ ಹೊಯ್ಯುವ ಮೇಣದ ಪದ್ಧತಿಯೇ ಇದು. ಅಪ್ಪಟ ಬಂಗಾರ ಮೆತ್ತಗಿರುವುದರಿಂದ ತಾಮ್ರ, ಬೆಳ್ಳಿ, ಪಲ್ಲಾಡಿಯಂ ಮುಂತಾದವನ್ನು ಬೆರೆಸುತ್ತಾರೆ. ಅಮೆರಿಕದ ದಂತವೈದ್ಯ ಸಂಘದ ವರ್ಗೀಕರಣದಂತೆ ‘ಉತ್ತಮ ಜಾತಿ’ಯ ಮಿಶ್ರಲೋಹ ಎನ್ನಿಸಿಕೊಳ್ಳಲು ಅದರಲ್ಲಿ ಶೇಕಡಾ 60ಕ್ಕೆ ಕಡಿಮೆಯಿಲ್ಲದಂತೆ ಅಮೂಲ್ಯ ಲೋಹಗಳಿರಬೇಕು, ಬಂಗಾರವೊಂದೇ 40ಕ್ಕೆ ಕಡಿಮೆಯಿರಬಾರದು.

ಬಂಗಾರದ ದೊಡ್ಡ ಗುಣ ಮೂರು. ಅದು ಹೆಚ್ಚು ಕಡಿಮೆ ಹಲ್ಲಿನಷ್ಟೇ ಸವೆಯುವುದರಿಂದ ಎದುರಿನ ಹಲ್ಲನ್ನು ಕೊರೆಯುವುದಿಲ್ಲ. ತೆಳ್ಳಗಿದ್ದರೂ ಒಡೆಯದ್ದರಿಂದ ಅಗಿಯುವ ಬದಿಯಲ್ಲಿ 1ರಿಂದ 1.5 ಮಿಲಿಮೀಟರ್‌ನಷ್ಟು ಹಲ್ಲು ಸವೆಸಿದರೆ ಸಾಕು. ಅಂಚು ಹಲ್ಲಿಗೆ ಕೂದಲೆಳೆಯಂತೆ ಹೊಂದಿ ಕೂರುತ್ತದೆ. ಅವಗುಣ ಎರಡು: ಬಣ್ಣ ಮತ್ತು ಬೆಲೆ. ಒಂದು ದವಡೆ ಕ್ಯಾಪಿಗೆ ಎರಡು-ಮೂರು ಗ್ರಾಂ ಬೇಕಾಗುತ್ತದೆ. ಇಂದಿನ ಧಾರಣೆಯಲ್ಲಿ ಅದೇನು ಎಂಬುದನ್ನು ನಮ್ಮ ಸರಾಫ ಬಂಧುಗಳಿಗೆ ಹೇಳಬೇಕಿಲ್ಲ. ಆದರೂ ಹಿಂದಿನ ದವಡೆ ಹಲ್ಲಿಗೆ ಬಂಗಾರಕ್ಕೆ ಸರಿಗಟ್ಟುವುದು ಕಡಿಮೆ ಎಂದು ಅನುಭವಿಗಳಾದ ದಂತವೈದ್ಯರು ಇಂದಿಗೂ ಒಪ್ಪುತ್ತಾರೆ.

ಅಗ್ಗದ ಲೋಹ

ಬಂಗಾರ ನಿಲುಕದವರಿಗೆ ನಿಕ್ಕಲ್-ಕ್ರೋಮಿಯಂ ಅಥವಾ ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹಗಳಿವೆ. ಗಟ್ಟಿ, ತುಕ್ಕು ಹಿಡಿಯದು, ಅಗ್ಗ. ಬಣ್ಣ ಮಾತ್ರ ಬೆಳ್ಳಗಿನ ಸ್ಟೀಲಿನದು. ನಿಕ್ಕಲ್ ಕೆಲವರ ಮೈಗೆ ಆಗುವುದಿಲ್ಲ. ಹೆಂಗಸರಲ್ಲಿ ಇದು ಹೆಚ್ಚು ಕಾಣುತ್ತದೆ. ನಕಲಿ ಓಲೆ, ಸರ, ಗಡಿಯಾರದ ಪಟ್ಟಿ ಹಾಕಿದರೆ ಚರ್ಮ ಕೆಂಪಾಗಿ ತುರಿಸುವವರು ಇದನ್ನು ಡಾಕ್ಟರರಿಗೆ ಮೊದಲೇ ಹೇಳಬೇಕು. ನಮ್ಮ ಮನೆಯವರಿಗೆ ಇದೇ ತೊಂದರೆಯಿತ್ತು. ಡಾಕ್ಟರ್ ಕೇಳಿದ್ದರಿಂದ ಗೊತ್ತಾಯಿತು, ಇಲ್ಲದಿದ್ದರೆ ನಮಗೆ ಹೊಳೆಯುತ್ತಿರಲಿಲ್ಲ.

ಲೋಹದ ಮೇಲೆ ಪಿಂಗಾಣಿ

ಪಿಂಗಾಣಿಯ ಟೊಪ್ಪಿಗೆಯನ್ನು ಹಲ್ಲಿಗೆ ತೊಡಿಸುವ ವಿಚಾರವನ್ನು ಸಾಧಿಸಿ ತೋರಿಸಿದವರು ಡೆಟ್ರಾಯಿಟ್ ನಗರದ ದಂತವೈದ್ಯ ಚಾರ್ಲ್ಸ್ ಲ್ಯಾಂಡ್. 1927ರಲ್ಲಿ ಒಬ್ಬನೇ ವಿಮಾನ ನಡೆಸಿ ಅಟ್ಲಾಂಟಿಕ್ ಸಾಗರ ದಾಟಿದ ಚಾರ್ಲ್ಸ್ ಲಿಂಡ್‌ಬರ್ಗ್ ಇವರ ಮಗಳ ಮಗ. ಆದರೆ ಬರೀ ಪಿಂಗಾಣಿ ಬೇಗ ಒಡೆಯುತ್ತಿತ್ತು. 1962ರಲ್ಲಿ ಅಮೆರಿಕದ ವೈನ್‌ಸ್ಟೀನ್ ಮತ್ತು ಸಂಗಡಿಗರು ಲೋಹದ ಮೇಲೆ ಪಿಂಗಾಣಿಯನ್ನು ಬೇಯಿಸಿ ಕೂಡಿಸುವ ವಿಧಾನಕ್ಕೆ ಪೇಟೆಂಟ್ ಪಡೆದರು. ಒಳಗೆ ಲೋಹದ ಬಲ, ಹೊರಗೆ ಹಲ್ಲಿನ ಬಣ್ಣ. ಜಗತ್ತಿನಲ್ಲೆಲ್ಲ ದಶಕಗಳ ಕಾಲ ಇದೇ ನಡೆಯಿತು, ಈಗಲೂ ನಡೆಯುತ್ತಿದೆ.

ಇದರ ಮರ್ಮ ನಮ್ಮಂಥ ಭಾಂಡಿ ವ್ಯಾಪಾರಿಗೆ ಬೇಗ ತಿಳಿಯುತ್ತದೆ. ಹಿಂದೆ ನಮ್ಮ ಅಂಗಡಿಯಲ್ಲಿ ಎನಾಮಲ್ ತಟ್ಟೆ, ಲೋಟ ಮಾರುತ್ತಿದ್ದೆವು. ಕಬ್ಬಿಣದ ತಗಡಿಗೆ ಗಾಜಿನಂಥ ಲೇಪ. ಕಾಯಿಸಿದಾಗ ಎರಡೂ ಹೆಚ್ಚು ಕಡಿಮೆ ಒಂದೇ ಸಮ ಹಿಗ್ಗಬೇಕು, ತಣಿದಾಗ ಒಂದೇ ಸಮ ಕುಗ್ಗಬೇಕು. ಇಲ್ಲದಿದ್ದರೆ ಲೇಪ ಚಕ್ಕೆಯೇಳುತ್ತದೆ. ವೈನ್‌ಸ್ಟೀನರು ಸಾಧಿಸಿದ್ದು ಈ ಹೊಂದಾಣಿಕೆಯನ್ನೇ. ಆದರೂ ಎನಾಮಲ್ ತಟ್ಟೆ ಕೈಜಾರಿ ಬಿದ್ದರೆ ಚಕ್ಕೆ ಹಾರಿ ಕಪ್ಪು ಕಬ್ಬಿಣ ಕಾಣುತ್ತಿತ್ತಲ್ಲ, ನನ್ನ ಹಲ್ಲಿಗೂ ಹಾಗೆಯೇ ಆಯಿತು.

1998ರಲ್ಲಿ ಹಾಕಿಸಿದ ಕ್ಯಾಪಿನ ಪಿಂಗಾಣಿ 2011ರಲ್ಲಿ ಹುರಿದ ಶೇಂಗಾ ತಿನ್ನುವಾಗ ಚಕ್ಕೆ ಹಾರಿತು. ನೋವಿಲ್ಲವೆಂದು ಮತ್ತೆ ಎರಡು ವರ್ಷ ಸುಮ್ಮನಿದ್ದೆ. ಒಡೆದ ಪಿಂಗಾಣಿಯ ಒರಟು ಅಂಚು ಅಷ್ಟರಲ್ಲಿ ಮೇಲಿನ ಹಲ್ಲನ್ನು ಅರದಂತೆ ಉಜ್ಜಿ ಸವೆಸಿತ್ತು. ಹೊಸ ಡಾಕ್ಟರು “ಒಳಗಿನ ಲೋಹ ಯಾವುದು?” ಎಂದು ಕೇಳಿದಾಗ ಹಳೆಯ ಬಿಲ್ ಹುಡುಕಿದೆ. ‘ಕ್ಯಾಪ್ ಒಂದು’ ಎಂದು ಬರೆದಿತ್ತು, ಅಷ್ಟೇ. ನಾನು ನಾಚಿದೆ. ಒಂದು ಗುಂಡಿ ಮಾರಿದರೂ 202 ಸ್ಟೀಲೋ 304 ಸ್ಟೀಲೋ ಎಂದು ಪಾವತಿಯಲ್ಲಿ ಬರೆದುಕೊಡುವವನು ನಾನು. ನನ್ನ ಬಾಯೊಳಗಿನ ಲೋಹದ ಹೆಸರನ್ನು ಹದಿನೈದು ವರ್ಷ ಕೇಳಿರಲಿಲ್ಲ.

ಈ ಜಾತಿಯ ಕ್ಯಾಪಿನ ಇನ್ನೊಂದು ಕೊರತೆ, ವಯಸ್ಸಾಗಿ ವಸಡು ಕೆಳಗಿಳಿದಾಗ ಅಂಚಿನಲ್ಲಿ ಲೋಹದ ಕಪ್ಪು ಗೆರೆ ಕಾಣುವುದು. ಹಿಂದಿನ ಹಲ್ಲಿಗೆ ಇದರಿಂದ ಬಾಧಕವಿಲ್ಲ. ಮುಂದಿನ ಹಲ್ಲಿಗೆ ಚೆನ್ನಾಗಿ ಕಾಣುವುದಿಲ್ಲ. ಲೋಹ, ಪಿಂಗಾಣಿ ಎರಡಕ್ಕೂ ಜಾಗ ಬೇಕಾದ್ದರಿಂದ ಅಗಿಯುವ ಬದಿಯಲ್ಲಿ 1.5ರಿಂದ 2 ಮಿಲಿಮೀಟರ್ ಹಲ್ಲು ಸವೆಸಬೇಕಾಗುತ್ತದೆ.

ನಮ್ಮವರು ಕೇಳುವ ಒಂದು ಪ್ರಶ್ನೆ

ಬೋನ್ ಚೈನಾ ಕಪ್ಪು-ಬಸಿಗಳಲ್ಲಿ ಪ್ರಾಣಿಗಳ ಮೂಳೆಯ ಬೂದಿ ಇರುವುದರಿಂದ ನಮ್ಮ ಮನೆಗಳಲ್ಲಿ ಅವನ್ನು ಇಡುವುದಿಲ್ಲ. ನಮ್ಮ ತಂಗಿ ತನ್ನ ಹಲ್ಲಿನ ಪಿಂಗಾಣಿಯ ಬಗ್ಗೆ ಇದೇ ಸಂಶಯಪಟ್ಟು ಒಂದು ತಿಂಗಳು ತಡ ಮಾಡಿದಳು. ಸಂಶಯ ಬೇಡ. ಹಲ್ಲಿನ ಪಿಂಗಾಣಿ ಮುಖ್ಯವಾಗಿ ಫೆಲ್ಡ್‌ಸ್ಪಾರ್ ಎಂಬ ಕಲ್ಲು ಮತ್ತು ಬಿಳಿಗಲ್ಲಿನ ಪುಡಿಯಿಂದಾದದ್ದು. ಮೂಳೆಯ ಬೂದಿ ಅದರಲ್ಲಿಲ್ಲ. ಜಿರ್ಕೋನಿಯವೂ ಖನಿಜವೇ. ಅದರ ಮೂಲವಾದ ಜಿರ್ಕಾನ್ ಮರಳು ಕೇರಳದ ಚವರ ಕಡಲತೀರದಲ್ಲಿಯೂ ಸಿಗುತ್ತದೆ. ಆದರೆ ಇಂಪ್ಲಾಂಟ್ ಕೂಡಿಸುವಾಗ ದವಡೆಯ ಮೂಳೆ ಸಾಲದೆ ಹೋದರೆ ತುಂಬುವ ಪುಡಿಗಳಲ್ಲಿ ಕೆಲವು ಪ್ರಾಣಿಮೂಲದವು. ಕೃತಕವಾಗಿ ಮಾಡಿದವೂ ಇವೆ. ಅಲ್ಲಿ ಮಾತ್ರ ಮೊದಲೇ ಕೇಳಿಕೊಳ್ಳಬೇಕು.

ಜಿರ್ಕೋನಿಯ

ಈಗ ಎಲ್ಲ ದವಾಖಾನೆಗಳಲ್ಲಿ ಕೇಳಿಬರುವ ಹೆಸರು ಇದು. ನಮ್ಮ ಹೆಣ್ಣುಮಕ್ಕಳು ‘ಅಮೆರಿಕನ್ ಡೈಮಂಡ್’ ಎಂದು ಹಾಕಿಕೊಳ್ಳುವ ಹರಳೂ ಇದೂ ಒಂದೇ ವಸ್ತು, ಜಿರ್ಕೋನಿಯಂ ಆಕ್ಸೈಡ್. ಒಳಗಿನ ಕಣಗಳ ಜೋಡಣೆ ಮಾತ್ರ ಬೇರೆ. ಹಲ್ಲಿನ ಜಿರ್ಕೋನಿಯಕ್ಕೆ ಇಟ್ರಿಯ ಎಂಬ ಇನ್ನೊಂದು ಆಕ್ಸೈಡನ್ನು ಸ್ವಲ್ಪ ಬೆರೆಸಿರುತ್ತಾರೆ. 1975ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು ಇದರ ವಿಶೇಷ ಗುಣವನ್ನು ಪ್ರಕಟಿಸಿದರು: ಬಿರುಕು ಹುಟ್ಟಿದರೆ ಅದರ ತುದಿಯಲ್ಲಿನ ಕಣಗಳು ರೂಪ ಬದಲಿಸಿ ತುಸು ಉಬ್ಬುತ್ತವೆ, ಬಿರುಕನ್ನು ಎರಡೂ ಕಡೆಯಿಂದ ಒತ್ತಿ ಹಿಡಿದು ಮುಂದೆ ಹೋಗದಂತೆ ತಡೆಯುತ್ತವೆ.

ಮಾಡುವ ರೀತಿಯೂ ಸ್ವಾರಸ್ಯಕರ. ಸುಣ್ಣದ ಬಳಪದಂಥ ಮೆತ್ತಗಿನ ಬಿಲ್ಲೆಯಿಂದ ಕಂಪ್ಯೂಟರ್ ಯಂತ್ರ ಕ್ಯಾಪನ್ನು ಕೊರೆಯುತ್ತದೆ. ಆದರೆ ಬೇಕಾದ ಅಳತೆಗಿಂತ ದೊಡ್ಡದಾಗಿ ಕೊರೆಯುತ್ತದೆ. ಸುಮಾರು 1500 ಡಿಗ್ರಿ ಉಷ್ಣದಲ್ಲಿ ಸುಟ್ಟಾಗ ಅದು ಉದ್ದಗಲದಲ್ಲಿ ಐದನೆಯ ಒಂದು ಪಾಲಿನಷ್ಟು ಕುಗ್ಗಿ ಸರಿಯಾದ ಅಳತೆಗೆ ಬಂದು ಗಟ್ಟಿಯಾಗುತ್ತದೆ. ನಮ್ಮ ಕುಂಬಾರರು ಹಸಿ ಮಡಕೆಯನ್ನು ಕುಗ್ಗುವ ಲೆಕ್ಕ ಹಿಡಿದು ತಿದ್ದುವ ಹಾಗೆ.

ಬಾಗಿಸಿ ಮುರಿಯುವ ಪರೀಕ್ಷೆಯಲ್ಲಿ ಬಲವನ್ನು ಮೆಗಾಪಾಸ್ಕಲ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಬರೀ ಪಿಂಗಾಣಿ ಸುಮಾರು 60ರಿಂದ 100. ಗಟ್ಟಿ ಜಾತಿಯ ಜಿರ್ಕೋನಿಯ 900ರಿಂದ 1200. ಇಲ್ಲಿ ಒಂದು ಮಾತು ಗಮನಿಸಬೇಕು. ಜಿರ್ಕೋನಿಯದಲ್ಲಿಯೂ ಜಾತಿಗಳಿವೆ. ಇಟ್ರಿಯ ಹೆಚ್ಚಿಸಿದರೆ ಅದು ಬೆಳಕು ಹಾಯುವಂತಾಗಿ ಅಂದವಾಗಿ ಕಾಣುತ್ತದೆ, ಆದರೆ ಬಲ ಸುಮಾರು ಅರ್ಧಕ್ಕೆ ಇಳಿಯಬಹುದು. ಮುಂದಿನ ಹಲ್ಲಿಗೆ ಮಾಡಿದ ಅಂದದ ಜಾತಿಯನ್ನು ಹಿಂದಿನ ಉದ್ದ ಸೇತುವೆಗೆ ಹಾಕಬಾರದು. ‘ಜಿರ್ಕೋನಿಯ’ ಎಂಬ ಒಂದೇ ಪದ ಕೇಳಿ ಸಮಾಧಾನಪಡುವುದು ‘ಸ್ಟೀಲು’ ಎಂಬ ಪದ ಕೇಳಿ ಪಾತ್ರೆ ಕೊಂಡಂತೆ.

ಇಷ್ಟು ಗಟ್ಟಿಯಾದದ್ದು ಎದುರಿನ ಹಲ್ಲನ್ನು ತಿನ್ನದೇ ಎಂದು ನಾನೂ ಕೇಳಿದೆ. ಚೆನ್ನಾಗಿ ಪಾಲಿಶ್ ಮಾಡಿದ ಜಿರ್ಕೋನಿಯ ಎದುರಿನ ಹಲ್ಲನ್ನು ಹಳೆಯ ಪಿಂಗಾಣಿಗಿಂತ ಕಡಿಮೆ ಸವೆಸುತ್ತದೆ ಎಂದು ಪರೀಕ್ಷೆಗಳಿಂದ ತಿಳಿದಿದೆ. ಕೂಡಿಸಿದ ಮೇಲೆ ಎತ್ತರ ಸರಿಪಡಿಸಲು ಉಜ್ಜಿ, ಮತ್ತೆ ಪಾಲಿಶ್ ಮಾಡದೆ ಬಿಟ್ಟರೆ ಮಾತ್ರ ಅದು ಕಾನಸದಂತೆ ಕೆಲಸ ಮಾಡುತ್ತದೆ. ಆದ್ದರಿಂದ ಉಜ್ಜಿದ ಮೇಲೆ “ಪಾಲಿಶ್ ಮಾಡ್ತೀರೇನು?” ಎಂದು ವಿನಯದಿಂದ ಕೇಳಬೇಕು. ನಮ್ಮ ಮನೆಯವರ ಸೇತುವೆಗೆ ನಿಕ್ಕಲ್ ಬೇಡವಾದ್ದರಿಂದ ಗಟ್ಟಿ ಜಾತಿಯ ಜಿರ್ಕೋನಿಯವನ್ನೇ ಆರಿಸಿದೆವು.

ಮುಂದಿನ ಹಲ್ಲಿಗೆ

ಬಾಯಿ ತೆರೆದರೆ ಕಾಣುವ ಮುಂದಿನ ಹಲ್ಲುಗಳಿಗೆ ಲಿಥಿಯಂ ಡೈಸಿಲಿಕೇಟ್ ಎಂಬ ಗಾಜಿನ ಜಾತಿಯ ವಸ್ತುವಿದೆ. ಬಲ ಸುಮಾರು 350ರಿಂದ 500. ನಿಜವಾದ ಹಲ್ಲಿನಂತೆಯೇ ಬೆಳಕು ಹಾಯುತ್ತದೆ. ಒಳಮೈಯನ್ನು ಆಮ್ಲದಿಂದ ತುಸು ಕೊರೆದು ಅಂಟಿನಿಂದ ಹಲ್ಲಿಗೆ ಬೆಸೆಯುತ್ತಾರೆ. ಅಕ್ಕಲಕೋಟೆಯಲ್ಲಿರುವ ನಮ್ಮ ತಂಗಿಯ ಮಗಳು ಸ್ಕೂಟರಿನಿಂದ ಬಿದ್ದು ಮುಂದಿನ ಹಲ್ಲು ಮುರಿದುಕೊಂಡಾಗ ಇದನ್ನೇ ಹಾಕಿದರು. ಅವಳ ನಿಶ್ಚಯಕ್ಕೆ ಬಂದ ಬೀಗರಿಗೆ ಯಾವ ಹಲ್ಲೆಂದು ಗುರುತಾಗಲಿಲ್ಲ. ಅವಳೇ ಹೇಳಿ ತೋರಿಸಿದಳು.

ಮೊಮ್ಮಗನ ಸ್ಟೀಲು

ಇನ್ನು ಹುಡುಗನ ಪ್ರಶ್ನೆಗೆ ಬರೋಣ. ಹಾಲುಹಲ್ಲಿನ ದವಡೆಗಳು 10-12ನೆಯ ವಯಸ್ಸಿಗೆ ತಾವೇ ಬೀಳುತ್ತವೆ. ಅಲ್ಲಿಯವರೆಗೆ ಹಲ್ಲನ್ನು ಕಾಯ್ದು, ಕೆಳಗಿಂದ ಬರುವ ಕಾಯಂ ಹಲ್ಲಿಗೆ ಜಾಗ ಹಿಡಿದಿಡುವುದಷ್ಟೇ ಕೆಲಸ. 1950ರಿಂದ ಮಕ್ಕಳಿಗೆ ಬಳಕೆಯಲ್ಲಿರುವ ಸ್ಟೀಲಿನ ಕ್ಯಾಪು ಸಿದ್ಧ ಅಳತೆಯಲ್ಲಿ ಸಿಗುತ್ತದೆ; ಹಲ್ಲನ್ನು ಹೆಚ್ಚು ಸವೆಸದೆ ಒಂದೇ ಭೇಟಿಯಲ್ಲಿ ಕೂಡಿಸಬಹುದು. ನಮ್ಮ ಅಂಗಡಿಯ ಒಳ್ಳೆಯ ಪಾತ್ರೆಗಳ 18-8 ಜಾತಿಯ ಸ್ಟೀಲೇ ಅದು. ಹುಡುಗ ಇದನ್ನು ಕೇಳಿ ಶಾಲೆಯಲ್ಲೆಲ್ಲ ಬಾಯಿ ತೆರೆದು ತೋರಿಸಿ ಬಂದ.

ಯಾವ ಹಲ್ಲಿಗೆ ಯಾವುದು?

ಸ್ವಿಟ್ಜರ್ಲೆಂಡಿನ ಐರೀನಾ ಸೈಲರ್ ಮತ್ತು ಸಂಗಡಿಗರು ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಐದು ವರ್ಷಗಳ ನಂತರ ಉಳಿದಿದ್ದ ಕ್ಯಾಪುಗಳು ನೂರಕ್ಕೆ ಹೀಗಿವೆ: ಲೋಹ-ಪಿಂಗಾಣಿ ಸುಮಾರು 95, ಲಿಥಿಯಂ ಡೈಸಿಲಿಕೇಟ್ ಮತ್ತು ಅದರ ಜಾತಿಯವು 97, ಜಿರ್ಕೋನಿಯ 92. ಆಗಿನ ಜಿರ್ಕೋನಿಯದ ಮೇಲೆ ಪಿಂಗಾಣಿಯ ಪದರ ಕೂಡಿಸುತ್ತಿದ್ದರು, ಆ ಪದರ ಚಕ್ಕೆಯೇಳುತ್ತಿತ್ತು. ಈಗ ಒಂದೇ ಗಟ್ಟಿಯಿಂದ ಮಾಡಿದವು ಹೆಚ್ಚು. ನಾವು ತಿಳಿಯಬೇಕಾದ್ದು ಇಷ್ಟೇ: ಇವುಗಳಲ್ಲಿ ಅಂತರ ಅಷ್ಟೇನೂ ದೊಡ್ಡದಲ್ಲ. ಜಾಗಕ್ಕೆ ತಕ್ಕದ್ದನ್ನು ಹಾಕಿದರೆ ಎಲ್ಲವೂ ಬಾಳುತ್ತವೆ.

ಹಿಂದಿನ ದವಡೆಗೆ ಗಟ್ಟಿ ಜಿರ್ಕೋನಿಯ, ಲೋಹ ಅಥವಾ ಶಕ್ತಿಯಿದ್ದವರಿಗೆ ಬಂಗಾರ. ನಡುವಿನ ಹಲ್ಲಿಗೆ ಜಿರ್ಕೋನಿಯ ಅಥವಾ ಲೋಹ-ಪಿಂಗಾಣಿ. ಮುಂದಿನದಕ್ಕೆ ಲಿಥಿಯಂ ಡೈಸಿಲಿಕೇಟ್ ಅಥವಾ ಅಂದದ ಜಾತಿಯ ಜಿರ್ಕೋನಿಯ. ಹಾಲುಹಲ್ಲಿಗೆ ಸ್ಟೀಲು. ರಾತ್ರಿ ಹಲ್ಲು ಕಡಿಯುವ ಅಭ್ಯಾಸವಿದ್ದವರು ಅದನ್ನು ಮೊದಲೇ ಹೇಳಬೇಕು. ಪಿಂಗಾಣಿ ಅಂಥವರಿಗೆ ಹೊಂದುವುದು ಕಡಿಮೆ.

ದುಡ್ಡು ಕೊಡುವ ಮುಂಚೆ ಕೇಳಬೇಕಾದ ಪ್ರಶ್ನೆಗಳು

1. ಈ ಹಲ್ಲಿಗೆ ಇದೇ ವಸ್ತು ಯಾಕೆ? ಇನ್ನೊಂದು ಯಾಕೆ ಬೇಡ?

2. ಎಷ್ಟು ಹಲ್ಲು ಸವೆಸುತ್ತೀರಿ?

3. ಒಳಗಿನ ಲೋಹ ಯಾವುದು? ಅದರಲ್ಲಿ ನಿಕ್ಕಲ್ ಇದೆಯೇ? ಜಿರ್ಕೋನಿಯವಾದರೆ ಯಾವ ಜಾತಿ?

4. ವಸ್ತುವಿನ ಹೆಸರು, ಹಲ್ಲಿನ ನಂಬರು, ತಾರೀಖು ಬಿಲ್ಲಿನಲ್ಲಿ ಬರೆದುಕೊಡುತ್ತೀರಾ?

5. ಗ್ಯಾರಂಟಿ ಕಾರ್ಡು ಇದ್ದರೆ ಅದು ಯಾವುದಕ್ಕೆ? ಸಾಮಾನ್ಯವಾಗಿ ಅದು ಕ್ಯಾಪು ಒಡೆದರೆ ಮಾತ್ರ. ಒಳಗಿನ ಹಲ್ಲು ಹುಳುಕಾದರೆ ಅದಕ್ಕೆ ನಾವೇ ಜವಾಬ್ದಾರರು.

ಈ ಕೊನೆಯ ಮಾತನ್ನು ಮರೆಯಬಾರದು. ಕ್ಯಾಪಿಗೆ ಹುಳುಕಿಲ್ಲ, ಕ್ಯಾಪಿನ ಅಂಚಿನ ಕೆಳಗಿರುವ ಹಲ್ಲಿಗಿದೆ. ಎಷ್ಟೋ ಕ್ಯಾಪುಗಳು ಒಡೆದು ಹೋಗುವುದಿಲ್ಲ, ಒಳಗಿನ ಹಲ್ಲು ಕೊಳೆತು ಕಳಚುತ್ತವೆ. ವಸಡಿನ ಅಂಚಿನಲ್ಲಿ ಎರಡು ಹೊತ್ತು ಮೆತ್ತಗಿನ ಬ್ರಶ್, ಹಲ್ಲುಗಳ ನಡುವೆ ದಾರ, ವರ್ಷಕ್ಕೊಮ್ಮೆಯಾದರೂ ಡಾಕ್ಟರರ ಕಣ್ಣು ಬೇಕು. ಸೇತುವೆಯ ಕೆಳಗೆ ಸ್ವಚ್ಛ ಮಾಡಲು ಸಣ್ಣ ಬ್ರಶ್ ಸಿಗುತ್ತದೆ. ನಮ್ಮ ಮನೆಯವರು ಊಟವಾದ ಮೇಲೆ ಅದನ್ನು ತಪ್ಪಿಸಿದ ದಿನವಿಲ್ಲ.

ಅವರು ಈಗ ಕಡಕ ರೊಟ್ಟಿಯನ್ನು ಎಡಗಡೆಯಲ್ಲಿಯೇ ಅಗಿಯುತ್ತಾರೆ. ಸೇತುವೆ ಗಟ್ಟಿಯಾಗಿದೆ, ಬಲಗಡೆ ಅಗಿಯಬಹುದು ಎಂದು ಡಾಕ್ಟರ್ ಹೇಳಿಯಾಗಿದೆ. ಆದರೂ ಭಯ ಹೋಗಿಲ್ಲ. ಸಂಕ್ರಮಣ ಬಂದಾಗಲೆಲ್ಲ ನಾನು ಅದನ್ನು ನೋಡಿ ಸುಮ್ಮನಾಗುತ್ತೇನೆ.

ನಿಮ್ಮ ಮನೆಯಲ್ಲಿ ಯಾರಾದರೂ ದವಡೆ ಹಲ್ಲಿಗೆ ರೂಟ್ ಕೆನಾಲ್ ಮಾಡಿಸಿಕೊಂಡು, ನೋವು ನಿಂತಿತೆಂದು ಕ್ಯಾಪು ಹಾಕಿಸದೆ ಕುಳಿತಿದ್ದರೆ ಸೀಜನ್ ಮುಗಿಯಲಿ, ಹಬ್ಬ ಆಗಲಿ ಎನ್ನಬೇಡಿರಿ. ಬಂಗಾರವೋ ಜಿರ್ಕೋನಿಯವೋ ಎಂಬ ಚರ್ಚೆಯನ್ನು ಡಾಕ್ಟರರ ಮುಂದೆ ಕುಳಿತು ಮಾಡಿರಿ. ಆದರೆ ಇದೇ ವಾರ ಹೋಗಿರಿ.